ತಪ್ಪು ಕೊಂಡಿ

ನಮ್ಮವರು ಮಗ್ಗದ ಕುಣಿಗೆ ಇಳಿಯುವುದನ್ನು ಬಿಟ್ಟದ್ದು ಮಾವನವರನ್ನು ಮಣ್ಣು ಮಾಡಿ ಬಂದ ಮೇಲೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಗ ನನಗೆ ಹೊಳೆಯಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಪ್ಪ ಹೋದ ದುಃಖ, ದಿನ ಹೋದರೆ ಸರಿಹೋಗುತ್ತದೆ ಅಂದರು. ದಿನಗಳು ಹೋದವು, ತಿಂಗಳುಗಳೂ ಹೋದವು. ಅವರು ಮನೆ ಮುಂದಿನ ಕಟ್ಟೆಯ ಮೇಲೆ ಕೂತೇ ಇದ್ದರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಅದರಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು, ವಿಭೂತಿ ತುಂಬಿ ಮಣ್ಣು ಮುಚ್ಚುತ್ತಾರೆ. ಹಿರಿಯ ಮಗ ಅಂತ ನಮ್ಮವರೇ ಕುಣಿಗೆ ಇಳಿದು ಅಪ್ಪನನ್ನು ನೆಟ್ಟಗೆ ಕೂಡಿಸಿ ಬಂದಿದ್ದರು. ಮಗ್ಗದ ಕುಣಿಯೂ ನೆಲದಲ್ಲೇ ತೋಡಿದ್ದು. ಅಂಚಿಗೆ ಕೂತು ಒಳಗೆ ಕಾಲು ಇಳಿಬಿಟ್ಟರೆ ಸೊಂಟದವರೆಗೆ ನೆಲದೊಳಗೇ ಇದ್ದ ಹಾಗೆ. ಮೀಸೆ ಮೂಡುವ ಮೊದಲಿನಿಂದ ಅದರಲ್ಲಿ ಕೂತು ಸೀರೆ ನೇಯ್ದ ಮನುಷ್ಯ ಒಂದು ಮುಂಜಾನೆ ಅಂಚಿಗೆ ಬಂದು ನಿಂತು, ಕೆಳಗೆ ನೋಡಿ, ತಿರುಗಿ ಹೊರಗೆ ಹೋದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಅವರಿಗೆ ಮೊದಲಿನಿಂದ ಮೂಗಿನ ತುದಿಯಲ್ಲೇ ಸಿಟ್ಟು. ಅದರಲ್ಲೂ ಕೊಂಡಿ ಹಾಕುವ ದಿನ ಬಂತೆಂದರೆ ಮನೆಯ ಬೆಕ್ಕೂ ಒಳಗೆ ಬರುತ್ತಿರಲಿಲ್ಲ. ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಎಳೆದು ಕಟ್ಟುವ ನೂಲು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕು. ಆ ಜೋಡಣೆಗೆ ಕೊಂಡಿ ಅನ್ನುತ್ತಾರೆ. ಒಂದೊಂದು ಸೀರೆಗೂ ಹೊಸದಾಗಿ ಹಾಕಬೇಕು. ನಾನು ಎದುರು ಕೂತು ಎಳೆ ಬಿಡಿಸಿ ಕೊಡುವವಳು, ಅವರು ಸಿಕ್ಕಿಸುವವರು. ಒಂದು ಎಳೆ ತಡವಾದರೆ, "ಎಲ್ಲಿ ನೋಡಾಕತ್ತಿ? ನಿಮ್ಮ ಚೊಳಚಗುಡ್ಡದ ಕಡೆ ನೋಡಿದ್ರ ಇಲ್ಲಿ ಎಳಿ ಬರ್ತಾವೇನು?" ಚೊಳಚಗುಡ್ಡ ನನ್ನ ತವರು. ನಾನೂ ಸುಮ್ಮನಿರುವವಳಲ್ಲ. "ನನ್ನ ತವರಿನ ಹೆಸರ ತಗದ್ರ ಎಲ್ಲಾ ಎಳಿ ನಿಮ್ಮ ಕೈಯಾಗ ಕೊಟ್ಟು ಎದ್ದ ಹೋಗ್ತೇನಿ ನೋಡ್ರಿ," ಅನ್ನುತ್ತಿದ್ದೆ. ಹೀಗೆ ಜಗಳವಾಡುತ್ತಲೇ ಕೆಲಸ ಮುಗಿಯುತ್ತಿತ್ತು. ಆ ಜಗಳವನ್ನು ಸಂಸಾರ ಅಂತ ನಾನು ತಿಳಿದದ್ದು ಅದು ನಿಂತ ಮೇಲೆ.

ಕಟ್ಟೆ ಹಿಡಿದ ಮೇಲೆ ಅವರು ನನ್ನನ್ನು ಬೈಯಲೇ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಉಂಡರು, ಇಲ್ಲದಿದ್ದರೂ ಉಂಡರು. ಒಮ್ಮೆಲೇ ಎದೆ ಹಿಡಿದುಕೊಂಡು, "ಉಸಿರು ಸಾಲವಲ್ದು, ನಾ ಹೊಂಟೆ," ಅನ್ನುತ್ತಿದ್ದರು. ಮೈಯೆಲ್ಲ ಬೆವರು. ಸ್ವಲ್ಪ ಹೊತ್ತಿಗೆ ಅದು ಇಳಿದರೆ ಮತ್ತೆ ಗೋಡೆ ನೋಡುತ್ತ ಕೂಡುವುದು. ಊರಿನ ಡಾಕ್ಟರು ಎದೆ ನೋಡಿ, ನರ ಸೋತಿವೆ ಅಂತ ಇಂಜೆಕ್ಷನ್ ಹಾಕಿ ಕೆಂಪು ಟಾನಿಕ್ ಬರೆದುಕೊಟ್ಟರು. ಅತ್ತೆ ಮಠದಿಂದ ವಿಭೂತಿ ತಂದು ಹಚ್ಚಿದರು. ಓಣಿಯ ಹೆಂಗಸರು ಬಂದು, "ಗಂಡಸು ಹಿಂಗ ಕುಂತ್ರ ಹ್ಯಾಂಗ?" ಅಂತ ನನ್ನನ್ನು ಕೇಳಿದರು. ಕೂತವರು ಅವರು, ಕೇಳುವುದು ನನ್ನನ್ನು.

ನನಗೆ ಅಳು ಬರಲಿಲ್ಲ. ಇದನ್ನು ಹೇಳಬೇಕು, ಯಾಕೆಂದರೆ ಎಲ್ಲರೂ ನಾನು ಅಳುತ್ತೇನೆ ಅಂತ ಸೆರಗು ಕೊಡಲು ತಯಾರಾಗಿ ಬರುತ್ತಿದ್ದರು. ನಾನು ಚಹಾ ಕೊಟ್ಟು ಕಳಿಸುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದೆ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ, ಮೈದುನನ ಮಗ್ಗಕ್ಕೆ ನೂಲು ಹದ ಮಾಡಿಕೊಡುತ್ತಿದ್ದೆ. ಮನೆ ನಡೆಯುತ್ತಿದ್ದುದು ಮೈದುನನ ಆ ಇನ್ನೊಂದು ಮಗ್ಗದ ಮೇಲೆ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಒಳಗೆ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ನೀರು ಕೊಡಲು ಹೋದಾಗ ಅವರು ತಂಬಿಗೆ ತೆಗೆದುಕೊಳ್ಳದೆ ಹೇಳಿದರು: "ಕುಣ್ಯಾಗ ಇಳದ್ರ ಯಾರೋ ಮ್ಯಾಲಿಂದ ಮಣ್ಣ ಹಾಕಿದಂಗ ಆಗತೈತಿ." ಆಮೇಲೆ ಅಷ್ಟೇ ಮೆತ್ತಗೆ, "ಹಾಕಿದ್ರ ಛಲೋ ಅಂತಾನೂ ಅನಸ್ತೈತಿ." ಆ ಎರಡನೆಯ ಮಾತು ಕೇಳಿ ಇನ್ನು ತಡಮಾಡಬಾರದು ಅನಿಸಿತು. ಮರುದಿನವೇ ಅತ್ತೆಗೆ ಹೇಳಿ ಅವರನ್ನು ಬಾಗಲಕೋಟೆಗೆ ಕರೆದುಕೊಂಡು ಹೊರಟೆ. ಅಲ್ಲಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆ ಅಂತ ಯಾರೋ ಹೇಳಿದ್ದರು. ಜನ ಅವರನ್ನು ಹುಚ್ಚರ ಡಾಕ್ಟರು ಅನ್ನುತ್ತಿದ್ದರು. ಅತ್ತೆ ಓಣಿಗೆಲ್ಲ ಕೇಳುವಂತೆ, "ಹಲ್ಲ ತೋರಸಾಕ ಹೊಂಟಾರ," ಅಂದರು.

ಬಸ್ಸು ಹುನಗುಂದ ದಾಟುವವರೆಗೆ ಕಿಟಕಿಯ ಸರಳು ಹಿಡಿದು ಕೂತಿದ್ದರು. ಅಮೀನಗಡದಲ್ಲಿ ನಿಂತದ್ದೇ ತಡ ಇಳಿದುಬಿಟ್ಟರು. ನಾನು ಚೀಲ ಎತ್ತಿಕೊಂಡು ಹಿಂದೆ ಇಳಿದೆ. ಬಸ್ಸು ಹೋಯಿತು. ಒಂದು ಕರದಂಟಿನ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತೆವು. ಅಂಗಡಿಯವನು, "ಯಾವುದು ಕೊಡ್ಲಿರಿ?" ಅಂದ. ಸುಮ್ಮನೆ ಕೂಡಲು ನಾಚಿಕೆಯಾಗಿ ಒಂದು ಪೊಟ್ಟಣ ಕೊಂಡೆ. ಮುಂದಿನ ಬಸ್ಸಿಗೆ ಹತ್ತಿದೆವು. ಅಲ್ಲಿಂದ ಮುಂದೆ ಪ್ರತಿ ಸಲವೂ ಇದೇ ನಡೆಯಿತು. ಅಮೀನಗಡದಲ್ಲಿ ಇಳಿಯುವುದು, ಬೆಂಚು, ಪೊಟ್ಟಣ, ಮುಂದಿನ ಬಸ್ಸು. ನಮ್ಮ ಮನೆಯಲ್ಲಿ ಕರದಂಟು ಯಾರೂ ಮುಟ್ಟದಷ್ಟು ಉಳಿಯತೊಡಗಿತು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಇದು ಹುಚ್ಚಲ್ಲ, ಕಾಯಿಲೆ ಅಂದರು. ಗುಳಿಗೆ ಕೊಟ್ಟರು. ಆ ಮೊದಲಿನ ಗುಳಿಗೆ ಅವರನ್ನು ಮಲಗಿಸಿಬಿಟ್ಟಿತು. ಮುಂಜಾನೆ ನುಂಗಿದರೆ ಸೂರ್ಯ ನೆತ್ತಿಗೆ ಬಂದರೂ ಏಳರು. ಲಿಂಗಪೂಜೆ ಆಗದೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಅನ್ನ ಹಾಕುವುದಿಲ್ಲ. ಎದ್ದರಷ್ಟೇ ಸ್ನಾನ, ಸ್ನಾನವಾದರಷ್ಟೇ ಪೂಜೆ, ಪೂಜೆಯಾದರಷ್ಟೇ ಊಟ. ಹಾಗಾಗಿ ಅವರಿಗೆ ದಿನವೆಲ್ಲ ಉಪವಾಸ. ಅತ್ತೆಗೆ ಹೇಳಿದರೆ, "ಪೂಜಿ ಬಿಡಿಸಿ ಉಣಸ್ತೀಯೇನ ನನ್ನ ಮಗನ್ನ?" ಅಂದರು. ಮುಂದಿನ ಸಲ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. "ಪೂಜಿ ಬಿಡೋದು ಬ್ಯಾಡ. ಗುಳಿಗಿ ಸಂಜಿಗೆ ಕೊಡವ್ವಾ," ಅಂದರು. ಅಷ್ಟು ಸರಳ ಇತ್ತು. ಅಷ್ಟರಲ್ಲಾಗಲೇ ನಮ್ಮವರ ಪಕ್ಕೆಲುಬು ಕಾಣತೊಡಗಿದ್ದವು.

ನಿದ್ದೆ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ. ಗುಳಿಗೆ ಬದಲಾಯಿತು. ಹೊಸದು ಹಿಡಿಯಲು ವಾರಗಳೇ ಬೇಕು, ಮೊದಮೊದಲು ಹೆಚ್ಚಾದಂತೆ ಕಾಣಬಹುದು, ಒಬ್ಬರನ್ನೇ ಬಿಡಬೇಡ ಅಂದರು ಡಾಕ್ಟರು. ಓಣಿಯ ಕಣ್ಣು ತಪ್ಪಿಸಲೆಂದು ಆ ವಾರಗಳಿಗೆ ಅವರನ್ನು ನನ್ನ ತವರಿಗೆ ಕರೆದುಕೊಂಡು ಹೋದೆ. ನನ್ನ ಅಣ್ಣ ಬಾದಾಮಿಗೆ ಹೋಗಿ ಔಷಧ ಅಂಗಡಿಯಿಂದ ಗುಳಿಗೆ ತಂದುಕೊಡುತ್ತಿದ್ದ. ಬನಶಂಕರಿಯ ಹೊಂಡದ ಕಡೆ ನಡೆದಾಡಿಸಿ ಬಾ ಅನ್ನುತ್ತಿದ್ದ. ನಾನು ಹೊಂಡದ ಕಡೆ ಬಿಟ್ಟು ಬೇರೆಲ್ಲ ಕಡೆ ನಡೆದಾಡಿಸಿದೆ. ನೀರು ಇರುವ ಜಾಗಕ್ಕೆ ಅವರನ್ನು ಒಯ್ಯುವ ಧೈರ್ಯ ನನಗಿರಲಿಲ್ಲ. ಮಲಗುವಾಗ ನನ್ನ ಸೆರಗಿಗೂ ಅವರ ಧೋತರದ ಚುಂಗಿಗೂ ಗಂಟು ಹಾಕುತ್ತಿದ್ದೆ. ಮದುವೆಯ ದಿನ ಹಿರಿಯರು ಹಾಕಿದ್ದ ಗಂಟೇ ಅದು. ಅವರು ಬೇಡ ಅನ್ನಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ.

ಆ ಗುಳಿಗೆಯೂ ನಾಟಲಿಲ್ಲ. ಇಳಕಲ್ಲಿಗೆ ವಾಪಸು ಬಂದೆವು. ಮೂರನೆಯದು ನಾಟಿತು. ಎದೆ ಹಿಡಿದುಕೊಳ್ಳುವುದು ಕಡಿಮೆಯಾಯಿತು. ಒಂದು ದಿನ ತಾವಾಗಿ ಎದ್ದು ಗಡ್ಡ ಮಾಡಿಸಿಕೊಂಡು ಬಂದರು. ಅತ್ತೆ ಹೋಳಿಗೆ ಮಾಡಿದರು. ಆದರೆ ಆ ಗುಳಿಗೆ ಕೈ ನಡುಗಿಸಿತು. ಪೂಜೆಗೆ ಕೂತಾಗ ಎಡ ಅಂಗೈಯ ಮೇಲಿನ ಲಿಂಗ ಅಲುಗುತ್ತಿತ್ತು. ಬಲಗೈಯಿಂದ ಎಡ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಬಲಗೈಯೂ ನಡುಗುವುದೇ, ಎರಡೂ ಸೇರಿ ನಡುಗಿದವು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಅವರು ಕಣ್ಣು ಮುಚ್ಚಲಿಲ್ಲ. ತಮ್ಮ ಕೈಯನ್ನೇ ನೋಡುತ್ತಿದ್ದರು. ಆ ಕೈಯಲ್ಲಿ ಕೊಂಡಿ ಹಾಕುವ ಮಾತು ದೂರವೇ ಉಳಿಯಿತು.

ಅವರು ಗುಳಿಗೆ ನಿಲ್ಲಿಸಿದ್ದು ನನಗೆ ತಿಳಿಯಲಿಲ್ಲ. ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಹಿತ್ತಲಿಗೆ ಹೋಗಿ ಉಗುಳುತ್ತಿದ್ದರಂತೆ. ಕೈಯ ನಡುಕ ನಿಂತಿತು. ನಾನು ಖುಷಿಪಟ್ಟು, ಮಲಗುವಾಗ ಗಂಟು ಹಾಕುವುದನ್ನೂ ಬಿಟ್ಟೆ. ಆಮೇಲೆ ಒಂದು ಮುಂಜಾನೆ ಅವರು ಮನೆಯಲ್ಲಿರಲಿಲ್ಲ.

ಮೈದುನ ಬಾವಿಗಳ ಕಡೆ ಓಡಿದ. ನಾನು ಬಸ್ ನಿಲ್ದಾಣಕ್ಕೆ ಓಡಿದೆ. ಕಂಡಕ್ಟರೊಬ್ಬರು, ಧೋತರ ಉಟ್ಟ ಒಬ್ಬರು ಹುನಗುಂದಕ್ಕೆ ಟಿಕೇಟು ತಗೊಂಡಿದ್ದರು ಅಂದರು. ಹುನಗುಂದದ ನಿಲ್ದಾಣದಲ್ಲಿ ಕಲ್ಲು ಬೆಂಚಿನ ಮೇಲೆ ಸಿಕ್ಕರು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವರು ಯಾವುದಕ್ಕೂ ಹತ್ತಿರಲಿಲ್ಲ. ನಾನು ಪಕ್ಕಕ್ಕೆ ಕೂತೆ.

"ಎಲ್ಲಿಗೆ ಹೊಂಟಿದ್ರಿ?"

"ಗೊತ್ತಿಲ್ಲ. ತಿರುಗಿ ಬರೋ ವಿಚಾರ ಇದ್ದಿಲ್ಲ."

"ಮತ್ತ ಯಾಕ ಇಲ್ಲೇ ಕುಂತ್ರಿ?"

"ಮುಂದಿನ ಬಸ್ ಹತ್ತಾಕ ಅಂಜಿಕಿ ಬಂತು."

ಬದುಕಿರುವ ಅಂಜಿಕೆಯಿಂದ ಹೊರಟವರನ್ನು ಬಸ್ಸಿನ ಅಂಜಿಕೆ ಉಳಿಸಿತ್ತು. ಈಗ ಹೇಳುವಾಗ ನಗು ಬರುತ್ತದೆ. ಆಗ ನಗು, ಅಳು ಯಾವುದೂ ಬರಲಿಲ್ಲ. ಕೈ ಹಿಡಿದು ಎಬ್ಬಿಸಿ ಇಳಕಲ್ಲಿನ ಬಸ್ಸು ಹತ್ತಿಸಿದೆ. ಅಂದಿನಿಂದ ಗುಳಿಗೆ ನುಂಗಿದ ಮೇಲೆ ಬಾಯಿ ತೆರೆಸಿ ನೋಡತೊಡಗಿದೆ. ಆ ವಯಸ್ಸಿನ ಗಂಡಸು ಹೆಂಡತಿಯ ಮುಂದೆ ನಾಲಿಗೆ ಹೊರಗೆ ಚಾಚಿ ತೋರಿಸುತ್ತಿದ್ದರು. ಕೈ ಮತ್ತೆ ನಡುಗಿದವು. ಡಾಕ್ಟರು, "ಮೊದಲ ಜೀವ, ಆಮ್ಯಾಲೆ ಕೈ," ಅಂದು ನಡುಕಕ್ಕೆ ಇನ್ನೊಂದು ಸಣ್ಣ ಗುಳಿಗೆ ಸೇರಿಸಿದರು. ಅದರಿಂದ ಅವರ ಬಾಯಿ ಒಣಗಿತು, ನಡುಕ ಪೂರ್ತಿ ಹೋಗಲಿಲ್ಲ.

ಹೀಗಿರುವಾಗ ಮಹಾನವಮಿ ಬಂತು. ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಗ್ಗಕ್ಕೆ ಪೂಜೆ ಮಾಡಬೇಕು. ಹಾಸು ಇಲ್ಲದ ಬರಿ ಮಗ್ಗಕ್ಕೆ ನಮ್ಮ ಮನೆಯಲ್ಲಿ ಪೂಜೆ ಮಾಡುವುದಿಲ್ಲ. ಅದು ಅತ್ತೆಯ ಅತ್ತೆಯ ಕಾಲದಿಂದ ಬಂದ ಕಟ್ಟು. "ಈ ವರ್ಷ ನನ್ನ ಮಗನ ಮಗ್ಗ ಬರಿದ ಐತೇನ?" ಅಂತ ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತರು. ಮೈದುನ ತನ್ನ ಸೀರೆಯನ್ನು ಹಬ್ಬದೊಳಗೆ ಮುಗಿಸುವ ಗಡಿಬಿಡಿಯಲ್ಲಿದ್ದ. ಅತ್ತೆಯ ಅಳು ಕೇಳಲಾರದೆ ನಾನೇ ಕೊಂಡಿ ಕೂಡಿಸಿ ಹಾಸು ಹಾಕುತ್ತೇನೆ ಅಂದೆ.

ಎದುರು ಕೂತು ಎಳೆ ಬಿಡಿಸಿ ಕೊಡಲು ಅತ್ತೆ ಬಂದರು. ನಾನು ಮೊದಲ ಸಲ ನಮ್ಮವರ ಜಾಗದಲ್ಲಿ ಕೂತೆ. ಎಷ್ಟೋ ವರ್ಷ ನೋಡಿದ ಕೆಲಸ, ಅದೇನು ಮಹಾ ಅಂದುಕೊಂಡಿದ್ದೆ. ಕೈ ಸಲೀಸಾಗಿ ಓಡಿತು. ಅತ್ತೆ, "ಛಲೋ ಹಾಕ್ತಿ ಬಿಡವ್ವಾ," ಅಂದರು. ಸೊಂಟ ಹಿಡಿದು, ಕಣ್ಣು ಉರಿದು, ಎಲ್ಲ ಎಳೆಗಳೂ ಕೂಡಿದಾಗ ಸಂಜೆಯಾಗಿತ್ತು. ಕಟ್ಟೆಯಿಂದ ಎದ್ದು ನೀರು ಕುಡಿಯಲು ಒಳಗೆ ಬಂದ ನಮ್ಮವರು ಮಗ್ಗದ ಹತ್ತಿರ ನಿಂತರು. ಎಷ್ಟೋ ತಿಂಗಳಿಂದ ಅವರು ಆ ಕಡೆ ಹೊರಳಿ ನೋಡಿರಲಿಲ್ಲ. ಬಗ್ಗಿದರು. ನಡುಗುವ ಬೆರಳಿನಿಂದ ಕೊಂಡಿಯನ್ನು ಸವರಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರುತ್ತ ಹೋದರು.

"ಯಾವ ಕತ್ತಿ ಹಾಕೇತಿ ಇದನ್ನ?"

ನಾನು ಸೊಂಟ ಹಿಡಿದುಕೊಂಡೇ ಎದ್ದು ನಿಂತೆ.

"ಕಣ್ಣಾಗ ಸುಣ್ಣ ಹಾಕ್ಕೊಂಡಿದ್ದೇನ? ಉಲ್ಟಾ ಹಾಕಿ ಎಲ್ಲಾ! ಎಡದ್ದು ಬಲಕ್ಕ, ಬಲದ್ದು ಎಡಕ್ಕ! ಈ ಗಂಟಿನ ಗಡುಸು ಎಲ್ಲಾ ಸೆರಗಿನ ಮ್ಯಾಲೆ ಕುಂದರತೈತಿ. ಇದಕ್ಕ ಕೊಂಡಿ ಅಂತಾರೇನ? ಎಮ್ಮಿ ಕಟ್ಟೋ ಹಗ್ಗಾನರ ಇದಕ್ಕಿಂತ ಛಲೋ ಇರತೈತಿ. ಇಷ್ಟ ವರ್ಷ ನನ್ನ ಎದುರಿಗೆ ಕುಂತು ಏನ ನೋಡಿದಿ ನೀ?"

ಎದುರಿಗೆ ಕೂತು ನೋಡಿದ್ದೇ ತಪ್ಪಾಗಿತ್ತು. ನನ್ನ ಕಣ್ಣಿಗೆ ಅವರ ಬಲ ನನ್ನ ಎಡ. ಕಣ್ಣು ಕಲಿತದ್ದನ್ನೇ ಕೈ ಮಾಡಿತ್ತು. ಎಲ್ಲ ಎಳೆಗಳೂ ಎದುರುಬದುರಾಗಿ ಸಿಕ್ಕಿಕೊಂಡಿದ್ದವು. ಅದನ್ನು ವಿವರಿಸಲು ಬಾಯಿ ತೆರೆದರೆ ಅಳು ಬಂತು. ಮೆಲ್ಲಗಿನ ಅಳುವಲ್ಲ, ಓಣಿಗೆ ಕೇಳುವಂಥದ್ದು. ಅತ್ತೆ ಮಗನಿಗೆ, "ದಿನಾ ಪೂರ್ತಿ ಕುಂತು ಹಾಕ್ಯಾಳೋ, ಬೈಬ್ಯಾಡೋ," ಅಂದರು. ನಾನು ಅವರ ಕೈ ಹಿಡಿದು, "ಬೈಲಿ ಬಿಡ್ರಿ ಅತ್ತಿ, ಬೈಲಿ," ಅಂದೆ. ನನಗೆ ಅಷ್ಟು ಸಂತೋಷ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಹಬ್ಬದ ಪೂಜೆ ಆ ತಪ್ಪು ಕೊಂಡಿಗೇ ಆಯಿತು. ಮುಂದಿನ ವಾರ ಬಾಗಲಕೋಟೆಗೆ ಹೋದಾಗ ಡಾಕ್ಟರು ಎಂದಿನಂತೆ ನನ್ನನ್ನೇ ಕೇಳಿದರು.

"ಹ್ಯಾಂಗದಾರ?"

"ಬೈದಾರ್ರಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಏನಂತ ಬೈದಾರ?"

ನಾನು ಕತ್ತೆ, ಸುಣ್ಣ, ಎಮ್ಮೆಯ ಹಗ್ಗ ಎಲ್ಲವನ್ನೂ ಒಪ್ಪಿಸಿದೆ. ಹೊರಗೆ ಕೂತ ಜನಕ್ಕೂ ಕೇಳಿರಬೇಕು. ಅದುವರೆಗೆ ಆ ಕೋಣೆಯಲ್ಲಿ ಕೇಳಿದ್ದಕ್ಕೆ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡದ ನಮ್ಮವರು ನೆಲ ನೋಡುತ್ತ ಹೇಳಿದರು: "ತಪ್ಪ ಹಾಕಿದ್ಲ್ರಿ. ಅದಕ್ಕ ಬೈದೆ." ಡಾಕ್ಟರು ಆ ದಿನ ಗುಳಿಗೆ ಬದಲಿಸಲಿಲ್ಲ.

ಅವರು ಒಮ್ಮೆಲೇ ಸರಿಹೋದರು ಅಂತ ಬರೆದರೆ ಸುಳ್ಳಾಗುತ್ತದೆ. ಕುಣಿಗೆ ಇಳಿಯಲು ಮತ್ತೂ ಬಹಳ ಕಾಲ ಹಿಡಿಯಿತು. ಮೊದಲು ಅಂಚಿನಲ್ಲಿ ಕೂತು ಒಂದೇ ಕಾಲು ಇಳಿಬಿಟ್ಟರು. ಆಮೇಲೆ ಎರಡೂ. ನಾನು ಎದುರಿಗೆ ಕಾಣುವಂತೆ ಇರಬೇಕು, ಬಾಗಿಲು ತೆರೆದಿರಬೇಕು. ಲಾಳಿ ಎಸೆಯಲು ನಡುಗುವ ಕೈಯೂ ಸಾಕಾಗುತ್ತದೆ, ಕೊಂಡಿಗೆ ಸಾಲದು. ಹಾಗಾಗಿ ಕೊಂಡಿ ನನ್ನ ಪಾಲಿಗೆ ಬಂತು. ಅವರು ನನ್ನ ಹಿಂದೆ ಕೂತು, ಭುಜದ ಮೇಲಿಂದ ನೋಡುತ್ತ, ಬೈಯುತ್ತ ಕಲಿಸಿದರು. ಎದುರಿಗಲ್ಲ, ಹಿಂದೆ. ಅಮೀನಗಡದಲ್ಲಿ ಇಳಿಯುವುದೂ ಮೆಲ್ಲಗೆ ನಿಂತಿತು. ಕರದಂಟಿನವನು ಒಮ್ಮೆ ಕಿಟಕಿಯ ಹತ್ತಿರ ಬಂದು, "ಯಾಕ್ರಿ ಯಕ್ಕಾ, ನಮ್ಮ ಮ್ಯಾಲೆ ಸಿಟ್ಟೇನ್ರಿ?" ಅಂದ.

ಎಂಬತ್ತರ ದಶಕದುದ್ದಕ್ಕೂ ಆ ಕಾಯಿಲೆ ಹೋಗಿ ಬಂದು ಮಾಡಿತು. ಕೆಲವು ವರ್ಷ ಚೆನ್ನಾಗಿರುತ್ತಿದ್ದರು. ಮತ್ತೆ ಯಾವುದೋ ತಿಂಗಳು ಮಾತು ಕಡಿಮೆಯಾಗುತ್ತಿತ್ತು, ಗುಳಿಗೆ ಬದಲಾಗುತ್ತಿತ್ತು, ಹೊಸದು ನಾಟುವವರೆಗೆ ರಾತ್ರಿ ಸೆರಗಿಗೂ ಧೋತರಕ್ಕೂ ಗಂಟು ಹಾಕಿಕೊಂಡು ಕಾಯಬೇಕಾಗುತ್ತಿತ್ತು. ಹೇಗಿದ್ದೀರಿ ಅಂತ ಕೇಳಿದರೆ, "ಹೂಂ, ಅದೇನಿ," ಅನ್ನುತ್ತಿದ್ದರು. ಅದರಿಂದ ಏನೂ ತಿಳಿಯುವುದಿಲ್ಲ. ನಾನು ಒಂದು ಉಪಾಯ ಮಾಡಿಕೊಂಡೆ. ಅವರು ಮಂಕಾಗಿದ್ದಾರೆ ಅನಿಸಿದಾಗ ಕೊಂಡಿಯಲ್ಲಿ ಒಂದು ಕಡೆ ಬೇಕೆಂದೇ ಎರಡು ಎಳೆ ಕೂಡಿಸಿ ಸಿಕ್ಕಿಸುತ್ತಿದ್ದೆ. ಆಮೇಲೆ ಕಾಯುವುದು. ಅದೇ ದಿನ ಕಂಡು ಬೈದರೆ ನನಗೆ ನಿಶ್ಚಿಂತೆ. ಬೈಯದೆ ಸವರಿ ಮುಂದೆ ಹೋದರೆ ಮರುದಿನ ಬಾಗಲಕೋಟೆಯ ಬಸ್ಸು. ಡಾಕ್ಟರಿಗೂ ಇದನ್ನು ಹೇಳಿದ್ದೆ. ಅವರು ತಮ್ಮ ಕೆಲಸ ನಾನೇ ಮಾಡುತ್ತಿದ್ದೇನೆ ಅಂದರು. ಹೆಮ್ಮೆಯಿಂದ ಆ ದಿನ ಸ್ವಲ್ಪ ಹೆಚ್ಚೇ ಮಾತಾಡಿದೆ.

ಆ ದಶಕ ಮುಗಿಯುತ್ತ ಬಂದಾಗ ಅವರು ನೇಯುವುದನ್ನು ನಿಲ್ಲಿಸಿದರು. ಕಣ್ಣು ಸಾಲದಾಗಿತ್ತು. ಅತ್ತೆ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವರ ಕೈಯಿಂದ ಕಾಳು ಆಗಾಗ ಜಾರಿ ಬೀಳುತ್ತಿದ್ದವು. ಮಾತಿನ ಮೇಲೆ ಮಾತು ಬಂದು, ನಾನು ನಗುತ್ತ, "ನಾ ಬೇಕಂತನ ತಪ್ಪ ಹಾಕ್ತಿದ್ದೆ, ಗೊತ್ತೈತೇನ್ರಿ?" ಅಂದೆ.

"ಗೊತ್ತಿತ್ತು."

"ಗೊತ್ತಿದ್ದೂ ಬೈತಿದ್ರ್ಯಾ?"

ಅವರು ಕೈಯಲ್ಲಿದ್ದ ಕಾಯಿ ಒಡೆದು ಕಾಳನ್ನು ಮೊರಕ್ಕೆ ಹಾಕಿದರು.

"ಎಲ್ಲಾ ಸಲ ಸಿಟ್ಟ ಬರ್ತಿತ್ತು ಅಂತ ತಿಳಕೊಂಡಿಯೇನ? ಕೆಲವ ಸಲ ಒಳಗ ಏನೂ ಇರ್ತಿದ್ದಿಲ್ಲ. ಸಿಟ್ಟೂ ಇಲ್ಲ, ಏನೂ ಇಲ್ಲ. ಆದ್ರ ನೀ ಕುಂತು ಹಾದಿ ನೋಡ್ತಿದ್ದಿ. ಅದಕ್ಕ ಬೈತಿದ್ದೆ."

ಅವರ ಬೈಗುಳ ಕೇಳಿ ನಾನು ಸೆರಗಿನ ಗಂಟು ಬಿಚ್ಚಿ ನೆಮ್ಮದಿಯಿಂದ ನಿದ್ದೆ ಮಾಡಿದ ದಿನಗಳು ಎಷ್ಟೋ ಇದ್ದವು. ಅವುಗಳಲ್ಲಿ ಕೆಲವು ದಿನ ಆ ಮನುಷ್ಯ ಏನೂ ಇಲ್ಲದ ಒಳಗನ್ನು ಹೊತ್ತುಕೊಂಡು ನನ್ನ ಪಕ್ಕದಲ್ಲಿ ಒಬ್ಬರೇ ಎಚ್ಚರವಿದ್ದರು. ಕಾಯುತ್ತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅವು ಯಾವ ದಿನಗಳು ಅಂತ ಕೇಳಬೇಕು ಅನಿಸಿತು. ಕೆಳಗೆ ಬಿದ್ದಿದ್ದ ಕಾಳುಗಳನ್ನು ಆರಿಸಿ ಮೊರಕ್ಕೆ ಹಾಕಿದೆ.